ಪರದೆಯ ಮೇಲೆ ಸರಿಯಿರುವ ಫೋಟೋ ಪ್ರಿಂಟ್‌ನಲ್ಲಿ ಕಪ್ಪಾಗಿ, ಮುಖಗಳು ಕೆನ್ನೇರಳೆಯಾಗಿ ಬರುವುದೇಕೆ? ಪರದೆಯ ಬಣ್ಣ ಅಳೆದು ಸರಿಹೊಂದಿಸುವ ಕ್ಯಾಲಿಬ್ರೇಟರ್ ಕೊಳ್ಳಲೇ, ಪ್ರಿಂಟರನ್ನೇ ಬದಲಿಸಲೇ?

ಸದ್ಯಕ್ಕೆ ಎರಡೂ ಬೇಡ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಎರಡನ್ನೂ ಪ್ರಿಂಟರ್ ತಲೆಗೇ ಕಟ್ಟಿದ್ದೀರಿ. ಫೋಟೋಶಾಪ್‌ನಲ್ಲಿ ತಿದ್ದಿದ ಚಿತ್ರ ಕಾಗದದ ಮೇಲೆ ಕಪ್ಪಿಟ್ಟಂತೆ ಬರುತ್ತಿದ್ದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಮಾನಿಟರ್‌ನ ಬೆಳಕು. ಮುಖಗಳಿಗೆ ಕೆನ್ನೇರಳೆ ಛಾಯೆ ಹತ್ತುತ್ತಿದ್ದರೆ ಬಣ್ಣದ ಪರಿವರ್ತನೆ ಒಂದು ಸಲ ಆಗಬೇಕಾದಲ್ಲಿ ಎರಡು ಸಲ ಆಗುತ್ತಿರಬಹುದು. ಒಂದನ್ನು ಸರಿಪಡಿಸಿದರೆ ಇನ್ನೊಂದು ಹೋಗುವುದಿಲ್ಲ, ಆದ್ದರಿಂದ ಬಿಡಿಬಿಡಿಯಾಗಿ ನೋಡೋಣ.

ಅದಕ್ಕೂ ಮೊದಲು ನಾಜಲ್ ಚೆಕ್ ಪ್ರಿಂಟ್, ಅಂದರೆ ಮಸಿ ಚಿಮ್ಮುವ ಸಣ್ಣ ರಂಧ್ರಗಳು (ನಾಜಲ್) ತೆರೆದಿವೆಯೇ ಎಂದು ಗೆರೆಗಳಲ್ಲಿ ತೋರಿಸುವ ಪುಟ, ತೆಗೆಯಿರಿ. ಸಯಾನ್ (ಹಸಿರು ಬೆರೆತ ತಿಳಿನೀಲಿ) ಮಸಿಯ ನಾಜಲ್‌ಗಳು ಕಟ್ಟಿಕೊಂಡಿದ್ದರೆ ಚಿತ್ರ ಕೆಂಪಿಗೆ ತಿರುಗುತ್ತದೆ, ಹಳದಿ ನಿಂತಿದ್ದರೆ ನೇರಳೆಗೆ. ಗೆರೆಗಳು ಎಲ್ಲೂ ತುಂಡಾಗದೆ ಬಂದಿವೆ ಎಂದು ಖಚಿತವಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮಸಿಯೇ ಸರಿಯಾಗಿ ಬೀಳದಿದ್ದಾಗ ಬಣ್ಣದ ಸೆಟ್ಟಿಂಗ್ ಬದಲಿಸುತ್ತ ಕೂತರೆ ಕಾಗದ ಖರ್ಚಾಗುತ್ತದೆ ಅಷ್ಟೆ.

ಈಗ ಬೆಳಕಿನ ವಿಷಯ. ಮಾನಿಟರ್ ತಾನೇ ಬೆಳಗುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಮರಳಿಸುತ್ತದೆ. ಈಗಿನ ಮಾನಿಟರ್‌ಗಳು ಪೂರ್ತಿ ಪ್ರಕಾಶದಲ್ಲಿ ಪ್ರತಿ ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾ (ಬೆಳಕಿನ ಅಳತೆ) ಕೊಡುವುದು ಸಾಮಾನ್ಯ. ಪ್ರಿಂಟ್‌ಗಾಗಿ ಫೋಟೋ ತಿದ್ದುವವರು ಇಟ್ಟುಕೊಳ್ಳುವುದು 80ರಿಂದ 120ರ ಆಸುಪಾಸು. ಪೂರ್ತಿ ಪ್ರಕಾಶದಲ್ಲಿ ಜಗಮಗಿಸುವ ಪರದೆಯಲ್ಲಿ ಕೂತು ತಿದ್ದಿದಾಗ ನೆರಳುಗಳೆಲ್ಲ ಸಾಕಷ್ಟು ತೆರೆದುಕೊಂಡಂತೆ ಕಾಣುತ್ತವೆ, ನೀವು ಅವನ್ನು ಹಾಗೇ ಬಿಡುತ್ತೀರಿ. ಫೈಲ್ ಮಾತ್ರ ಒಳಗೊಳಗೆ ಕತ್ತಲಾಗಿಯೇ ಇರುತ್ತದೆ. ಪ್ರಿಂಟರ್ ಅದನ್ನು ಇದ್ದ ಹಾಗೆ ತೋರಿಸುತ್ತದೆ.

ಪರೀಕ್ಷೆ ಸುಲಭ. ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ, ನೀವು ಪ್ರಿಂಟ್ ನೋಡುವ ಅದೇ ಬೆಳಕಿನಲ್ಲಿ, ಒಂದು ಖಾಲಿ ಫೋಟೋ ಪೇಪರ್ ಹಿಡಿಯಿರಿ. ಪರದೆಯ ಬಿಳಿ ಟ್ಯೂಬ್‌ಲೈಟಿನಂತೆ ಉರಿಯದೆ ಕಾಗದದ ಬಿಳಿಗೆ ಹತ್ತಿರವಾಗುವವರೆಗೆ ಬ್ರೈಟ್‌ನೆಸ್ ಇಳಿಸುತ್ತ ಹೋಗಿ. ನೈಟ್ ಮೋಡ್, ಆಟೋ ಬ್ರೈಟ್‌ನೆಸ್, 'ವಿವಿಡ್' ತರಹದ ಮೋಡ್‌ಗಳನ್ನೆಲ್ಲ ಆಫ್ ಮಾಡಿ, ಬಿಳಿಯ ಬಿಂದುವನ್ನು (ವೈಟ್ ಪಾಯಿಂಟ್, ಪರದೆಯ ಬಿಳಿಯ ಛಾಯೆ) 6500 ಕೆಲ್ವಿನ್‌ಗೆ ಇಡಿ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟು ಅದೇ ಫೋಟೋ ತೆರೆದು ನೋಡಿ. ಪರದೆಯಲ್ಲೂ ಅದು ನಿಮ್ಮ ಪ್ರಿಂಟ್‌ನಷ್ಟೇ ಕತ್ತಲಾಗಿ ಕಂಡರೆ ಕಾರಣ ಸಿಕ್ಕಂತೆ. ಇನ್ನು ಆ ಬೆಳಕಿನಲ್ಲೇ ತಿದ್ದಿ. ಪ್ರಿಂಟರ್ ಡ್ರೈವರ್‌ನಲ್ಲಿರುವ (ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ಬ್ರೈಟ್‌ನೆಸ್ ಗುಂಡಿಯನ್ನು ಏರಿಸಿ ಸರಿಮಾಡುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಯಾಕೆಂದರೆ ಆಗ ಪ್ರತಿ ಫೋಟೋಗೂ ಹೊಸದಾಗಿ ಊಹೆ ಮಾಡಬೇಕಾಗುತ್ತದೆ.

ಕೆನ್ನೇರಳೆಯದು ಇನ್ನೂ ಮುಖ್ಯ, ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫೈಲ್‌ನಲ್ಲಿರುವುದು ಬಣ್ಣವಲ್ಲ, ಬರೀ ಸಂಖ್ಯೆಗಳು. ಆ ಸಂಖ್ಯೆಗಳು ನಿಜವಾಗಿ ಯಾವ ಬಣ್ಣ ಎಂದು ಹೇಳುವುದು ಐಸಿಸಿ ಪ್ರೊಫೈಲ್. ಒಂದೊಂದು ಕಂಪನಿಯ ಉಪಕರಣ ಒಂದೊಂದು ಬಗೆಯಲ್ಲಿ ಬಣ್ಣ ತೋರಿಸುತ್ತಿದ್ದ ಗೊಂದಲ ತಪ್ಪಿಸಲೆಂದೇ 1993ರಲ್ಲಿ ಹಲವು ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ ಕಟ್ಟಿಕೊಂಡವು, ಐಸಿಸಿ ಎಂಬ ಹೆಸರು ಬಂದದ್ದು ಅಲ್ಲಿಂದ. ಪ್ರಿಂಟ್ ಹೊರಡುವಾಗ ಫೋಟೋದ ಪ್ರೊಫೈಲ್‌ನಿಂದ ನಿಮ್ಮ ಪ್ರಿಂಟರ್, ಮಸಿ, ಕಾಗದ ಈ ಮೂರಕ್ಕೆ ಹೊಂದುವ ಪ್ರೊಫೈಲ್‌ಗೆ ಸಂಖ್ಯೆಗಳು ಬದಲಾಗಬೇಕು. ಇದು ಒಂದೇ ಒಂದು ಸಲ ಆಗಬೇಕು. ಫೋಟೋಶಾಪ್ ಮಾಡಬಹುದು, ಇಲ್ಲವೇ ಪ್ರಿಂಟರ್ ಡ್ರೈವರ್ ಮಾಡಬಹುದು. ಫೋಟೋಶಾಪ್ ಬದಲಿಸಿ ಕಳಿಸಿದ್ದನ್ನು ಡ್ರೈವರ್ ಮತ್ತೊಮ್ಮೆ ತಿದ್ದಿದರೆ ಚರ್ಮದ ಬಣ್ಣ ನೀವು ವರ್ಣಿಸಿದ ಹಾಗೆ ಕೆನ್ನೇರಳೆಗೆ ಜಾರುತ್ತದೆ. ಇಬ್ಬರೂ ಮಾಡದಿದ್ದರೂ ಬಣ್ಣ ಕೆಡುತ್ತದೆ, ಆದರೆ ಬೇರೆ ರೀತಿಯಲ್ಲಿ.

ಪ್ರಿಂಟ್ ಡೈಲಾಗ್‌ನಲ್ಲಿ 'ಕಲರ್ ಹ್ಯಾಂಡ್ಲಿಂಗ್' ನೋಡಿ. 'ಫೋಟೋಶಾಪ್ ಮ್ಯಾನೇಜಸ್ ಕಲರ್ಸ್' ಎಂದು ಆರಿಸಿದ್ದರೆ ಅದರ ಕೆಳಗೆ ನಿಮ್ಮ ಕಾಗದದ ಪ್ರೊಫೈಲ್ ಆರಿಸಿ. ಆಮೇಲೆ ಅಲ್ಲಿಂದಲೇ ಡ್ರೈವರ್ ತೆರೆದು ಅದರ ಬಣ್ಣದ ಕೆಲಸವನ್ನು ನಿಲ್ಲಿಸಿ. ಎಪ್ಸನ್‌ನಲ್ಲಿ ಅದು 'ನೋ ಕಲರ್ ಅಡ್ಜಸ್ಟ್‌ಮೆಂಟ್' ಎಂದೋ 'ಆಫ್' ಎಂದೋ ಇರುತ್ತದೆ, ಕ್ಯಾನನ್‌ನಲ್ಲಿ 'ಮ್ಯಾಚಿಂಗ್' ಎಂಬಲ್ಲಿ 'ನನ್', ಎಚ್‌ಪಿಯಲ್ಲಿ 'ಅಪ್ಲಿಕೇಶನ್ ಮ್ಯಾನೇಜ್ಡ್ ಕಲರ್ಸ್'. ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಈ ಆಯ್ಕೆ ತಾನಾಗಿಯೇ ಮಂಕಾಗಿಬಿಡುತ್ತದೆ. ವಿಂಡೋಸ್‌ನಲ್ಲಿ ನೀವೇ ಕೈಯಾರೆ ಮಾಡಬೇಕು, ಎಷ್ಟೋ ಜನ ಎಡವುವುದು ಇಲ್ಲೇ.

ನಿಮ್ಮ ಕಾಗದಕ್ಕೆ ಪ್ರೊಫೈಲ್ ಇಲ್ಲದಿದ್ದರೆ ಉಲ್ಟಾ ಮಾಡಿ. 'ಪ್ರಿಂಟರ್ ಮ್ಯಾನೇಜಸ್ ಕಲರ್ಸ್' ಆರಿಸಿ, ಫೋಟೋವನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಪ್ರೊಫೈಲ್‌ಗೆ ಪರಿವರ್ತಿಸಿ, ಬಣ್ಣದ ಕೆಲಸ ಡ್ರೈವರ್‌ಗೇ ಬಿಡಿ. ಪ್ರಿಂಟರ್ ಕಂಪನಿಯದೇ ಕಾಗದ ಮತ್ತು ಮಸಿ ಹಾಕಿದ್ದರೆ ಇದು ಚೆನ್ನಾಗಿಯೇ ಬರುತ್ತದೆ. ಇದನ್ನು ಕೀಳಾಗಿ ನೋಡುವವರ ಮಾತು ಕೇಳಬೇಡಿ. ಬೇರೆ ಕಂಪನಿಯ ಮಸಿ ತುಂಬಿಸಿದ್ದರೆ ಮಾತ್ರ ಪ್ರಿಂಟರ್ ಜೊತೆ ಬಂದ ಯಾವ ಪ್ರೊಫೈಲನ್ನೂ ನಂಬುವಂತಿಲ್ಲ, ಅದು ಅಳೆದದ್ದು ಇನ್ನೊಂದು ಮಸಿಯನ್ನು.

ಡ್ರೈವರ್‌ನಲ್ಲಿ ಕಾಗದದ ಬಗೆ ಹೇಳುವ 'ಮೀಡಿಯಾ ಟೈಪ್' ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ ಕಾಗದದ ಮೇಲೆ ಎಷ್ಟು ಮಸಿ ಸುರಿಯಬೇಕು ಎಂದು ಪ್ರಿಂಟರ್ ತೀರ್ಮಾನಿಸುವುದು ಅದರಿಂದ. ಎರಡು ಬಗೆಯ ಕಪ್ಪು ಮಸಿ ಇರುವ ಪ್ರಿಂಟರ್‌ಗಳಲ್ಲಿ ಹೊಳಪಿನ ಕಾಗದಕ್ಕೆ ಫೋಟೋ ಬ್ಲ್ಯಾಕ್, ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್ ಎಂಬುದನ್ನೂ ಸಾಮಾನ್ಯವಾಗಿ ಇದೇ ನಿರ್ಧರಿಸುತ್ತದೆ. ಪ್ರೊಫೈಲ್ ತಯಾರಿಸಿದವರು ಯಾವ ಮೀಡಿಯಾ ಟೈಪ್ ಹೇಳಿದ್ದಾರೋ ಅದನ್ನೇ ಇಡಿ.

ಚಿತ್ರವನ್ನು ಸಿಎಂವೈಕೆಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಮಸಿಗಳ ಲೆಕ್ಕ) ಬದಲಿಸಲು ಹೋಗಬೇಡಿ. ಮಸಿ ಸಿಎಂವೈಕೆ ಆದರೂ ಮನೆಯ ಇಂಕ್‌ಜೆಟ್ ಡ್ರೈವರ್ ಕಾಯುತ್ತಿರುವುದು ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ).

ಪ್ರೊಫೈಲ್ ಕೈಯಲ್ಲಿದ್ದರೆ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ನೋಟ) ಉಪಯೋಗಿಸಿ. ಗಾಢ ನೀಲಿ, ಉಜ್ವಲ ಹಸಿರು, ಕಡು ಕಿತ್ತಳೆ ಕಾಗದದ ಮೇಲೆ ಎಷ್ಟು ಬಾಡುತ್ತವೆ ಎಂದು ಮಸಿ ಚೆಲ್ಲುವ ಮೊದಲೇ ತಿಳಿಯುತ್ತದೆ. ಅಲ್ಲಿ 'ರೆಂಡರಿಂಗ್ ಇಂಟೆಂಟ್' ಎಂಬ ಆಯ್ಕೆಯೂ ಇದೆ. 'ಪರ್ಸೆಪ್ಚುಯಲ್' ಎಂದರೆ ಕಾಗದಕ್ಕೆ ಎಟುಕದ ಬಣ್ಣಗಳಿಗೆ ಜಾಗ ಮಾಡಲು ಒಟ್ಟು ಬಣ್ಣಗಳನ್ನೇ ಒಳಕ್ಕೆ ಒತ್ತುವುದು. 'ರಿಲೇಟಿವ್ ಕಲರಿಮೆಟ್ರಿಕ್' ಎಂದರೆ ಎಟುಕುವುದನ್ನು ಇದ್ದಂತೆ ಉಳಿಸಿ ಎಟುಕದ್ದನ್ನು ಅಂಚಿಗೆ ತಂದು ನಿಲ್ಲಿಸುವುದು. ಮುಖಗಳಿರುವ ಚಿತ್ರಕ್ಕೆ ನಾನು ಎರಡನೆಯದನ್ನು, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ (ಚಿತ್ರದ ಕಡು ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವುದು) ಹಾಕಿಕೊಂಡು, ಆರಿಸುತ್ತೇನೆ. ಚರ್ಮದ ಬಣ್ಣ ಸಾಮಾನ್ಯವಾಗಿ ಕಾಗದದ ಮಿತಿಯೊಳಗೇ ಇರುತ್ತದೆ, ಅದನ್ನು ಕದಲಿಸುವ ಅಗತ್ಯವಿಲ್ಲ. ಕೆಂಪು ದಾಸವಾಳದ ಹೂವು ಚೌಕಟ್ಟು ತುಂಬಿದ್ದರೆ ಎರಡನ್ನೂ ಪ್ರೂಫ್‌ನಲ್ಲಿ ನೋಡಿಯೇ ನಿರ್ಧರಿಸಬೇಕು.

ಛಾಯೆ ಪತ್ತೆಹಚ್ಚಲು ಬಣ್ಣದ ಫೋಟೋಗಿಂತ ಬೂದು ಚಿತ್ರ ಒಳ್ಳೆಯದು. ಒಂದು ಫೋಟೋವನ್ನು ಕಪ್ಪುಬಿಳುಪು ಮಾಡಿ, ಮೋಡ್ ಆರ್‌ಜಿಬಿಯಲ್ಲೇ ಉಳಿಸಿ, ಪ್ರತಿ ಬದಲಾವಣೆಯ ನಂತರ ಅದೇ ಫೈಲನ್ನು ಚಿಕ್ಕದಾಗಿ ಪ್ರಿಂಟ್ ಮಾಡಿ. ಬೂದು ಬಣ್ಣಕ್ಕೆ ಸ್ವಲ್ಪ ನೇರಳೆ ಬೆರೆತರೂ ಕಣ್ಣು ಹಿಡಿದುಬಿಡುತ್ತದೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಪ್ರಿಂಟ್‌ನ ಹಿಂದೆ ಬರೆದಿಡಿ. ಮಸಿ ಚೆನ್ನಾಗಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ. ಕೆಲವು ಎಲ್‌ಇಡಿ ಬಲ್ಬುಗಳ ಕೆಳಗೆ ಸರಿಯಾದ ಪ್ರಿಂಟ್ ಕೂಡ ಛಾಯೆ ಹತ್ತಿದಂತೆ ಕಾಣುತ್ತದೆ.

ಕ್ಯಾಲಿಬ್ರೇಟರ್ ಒಳ್ಳೆಯ ಉಪಕರಣವೇ, ಫೋಟೋಗ್ರಫಿಯಲ್ಲಿ ಮುಂದುವರಿಯುವುದಾದರೆ ಮುಂದೆ ಕೊಳ್ಳಿ. ಆದರೆ ಅದು, ಅಂದರೆ ಮಾನಿಟರ್‌ಗೆ ಅಂಟಿಸುವ ಕಲರಿಮೀಟರ್, ಅಳೆಯುವುದು ಮಾನಿಟರನ್ನು ಮಾತ್ರ, ಎರಡು ಸಲದ ಪರಿವರ್ತನೆಯನ್ನು ಅದು ತಡೆಯುವುದಿಲ್ಲ. ಕಾಗದದ ಪ್ರೊಫೈಲ್ ಮಾಡಲು ಬೇಕಾದದ್ದು ಸ್ಪೆಕ್ಟ್ರೋಫೋಟೋಮೀಟರ್, ಅದರ ಬೆಲೆ ತುಂಬ ಹೆಚ್ಚು. ಬಣ್ಣದ ಚೌಕಗಳ ಚಾರ್ಟನ್ನು ಎಲ್ಲ ತಿದ್ದುಪಡಿ ಆಫ್ ಮಾಡಿ ಪ್ರಿಂಟ್ ತೆಗೆದು ಕಳಿಸಿದರೆ ಅಳೆದು ಪ್ರೊಫೈಲ್ ಮಾಡಿಕೊಡುವವರಿದ್ದಾರೆ. ಬೇರೆ ಕಂಪನಿಯ ಮಸಿಯನ್ನೇ ಬಳಸುವವರಿಗೆ ನಾನು ಹೇಳುವ ದಾರಿ ಅದು.

ಇಷ್ಟಾದ ಮೇಲೂ ಕೆನ್ನೇರಳೆ ಉಳಿದರೆ ಪ್ರಿಂಟರ್ ಮಾದರಿ, ಮಸಿ, ಕಾಗದದ ಹೆಸರು, ಯಾವ ಮೀಡಿಯಾ ಟೈಪ್ ಇಟ್ಟಿದ್ದೀರಿ ಎಂಬುದನ್ನು ಬರೆಯಿರಿ. ಜೊತೆಗೆ ಆ ಬೂದು ಚಿತ್ರದಲ್ಲಿ ಛಾಯೆ ಎಲ್ಲ ಕಡೆಯೂ ಇದೆಯೋ ನೆರಳುಗಳಲ್ಲಿ ಮಾತ್ರವೋ ಎಂದು ತಿಳಿಸಿ, ಎಲ್ಲಿ ಹುಡುಕಬೇಕೆಂದು ಅದರಿಂದ ಅಂದಾಜು ಸಿಗುತ್ತದೆ.