ಮನೆತನದ ಹೆಸರು, ಮೂಲದ ಊರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆತನದ ಹೆಸರು ಡಿಸೋಜ. ಮುತ್ತಜ್ಜ ಘಟ್ಟದ ಕೆಳಗಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದರೆಂಬುದಷ್ಟೇ ನಮಗೆ ಗೊತ್ತು. ಈ ಹೆಸರಿನವರೆಲ್ಲ ಪೋರ್ಚುಗೀಸರ ಸಂತತಿಯೆಂದು ಬಂಧುವೊಬ್ಬರು ವಾದಿಸುತ್ತಾರೆ. ಇದು ನಿಜವೆ? ಮೂಲವನ್ನು ತಿಳಿಯಲು ಗೋವಾಕ್ಕೆ ಹೋಗಬೇಕೆ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಬಂಧುಗಳ ವಾದಕ್ಕೆ ಹೆಸರೊಂದನ್ನು ಬಿಟ್ಟು ಬೇರೆ ಆಧಾರವಿದ್ದಂತೆ ಕಾಣುವುದಿಲ್ಲ, ಹೆಸರಂತೂ ಇಲ್ಲಿ ಆಧಾರವಾಗಲಾರದು. ಸೋಜ ಎಂಬುದು ಉತ್ತರ ಪೋರ್ಚುಗಲ್ಲಿನ ಒಂದು ನದಿಯ ಮತ್ತು ಅದರ ಆಸುಪಾಸಿನ ಸೀಮೆಯ ಹೆಸರು. ಹದಿನಾರನೆಯ ಶತಮಾನದಲ್ಲಿ ಗೋವೆಯ ಊರುಗಳಲ್ಲಿ ಮತಾಂತರ ನಡೆದಾಗ, ಜ್ಞಾನಸ್ನಾನ ಕೊಟ್ಟ ಪಾದ್ರಿಯ ಅಥವಾ ಜ್ಞಾನಪಿತನಾಗಿ ನಿಂತ ಪೋರ್ಚುಗೀಸನ ಕುಲನಾಮವನ್ನೇ ಹೊಸಬರಿಗೆ ಇಡುವುದು ರೂಢಿಯಾಗಿತ್ತು. ಆದ್ದರಿಂದ ರಕ್ತಸಂಬಂಧವೇ ಇಲ್ಲದ ಹತ್ತಾರು ಮನೆಗಳು ಒಂದೇ ಹೆಸರು ಪಡೆದವು. ಒಡಹುಟ್ಟಿದವರು ಬೇರೆ ಬೇರೆ ಹೆಸರು ಪಡೆದದ್ದೂ ಉಂಟು. ಪಿಂಟೊ, ಲೋಬೊ, ಪಿರೇರ ಮುಂತಾದ ಹೆಸರುಗಳಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳ ಹಿಂದೆ ಪ್ರಭು, ಕಾಮತ, ನಾಯಕ, ಶೇಟ್, ಪೈ ಎಂಬ ಹಳೆಯ ಕುಲನಾಮಗಳಿದ್ದವು; ಕರಾವಳಿಯ ಕೆಲವು ಕ್ರೈಸ್ತ ಮನೆಗಳಲ್ಲಿ ಅವು ಇಂದಿಗೂ ನೆನಪಿನಲ್ಲಿವೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಅಂಥದೊಂದು ಹೆಸರು ಉಳಿದಿದ್ದರೆ ಅದು ಡಿಸೋಜಕ್ಕಿಂತ ಎಷ್ಟೋ ಹೆಚ್ಚು ಬೆಲೆಯುಳ್ಳದ್ದು.

ಗೋವಾ ಪ್ರಯಾಣವನ್ನು ಸದ್ಯಕ್ಕೆ ಬದಿಗಿಡಿ. ಹೆಸರನ್ನು ಹಿಡಿದು ಹೊರಟವರು ಗೋವೆಯಲ್ಲಿ ಸಾವಿರಾರು ಡಿಸೋಜರ ನಡುವೆ ನಿಲ್ಲುತ್ತಾರೆಯೇ ಹೊರತು ತಮ್ಮವರನ್ನು ಕಾಣುವುದಿಲ್ಲ. ಊರನ್ನು ಹಿಡಿದು, ಇಂದಿನಿಂದ ಹಿಂದಕ್ಕೆ, ಒಂದೊಂದೇ ತಲೆಮಾರು ಸರಿಯಬೇಕು. ಮೊದಲು ನಿಮ್ಮ ಅಜ್ಜನ ಮದುವೆ ಯಾವ ಇಗರ್ಜಿಯಲ್ಲಿ ಆಯಿತೆಂದು ತಿಳಿದು, ಅಲ್ಲಿನ ಗುರುಗಳ ಅನುಮತಿಯಿಂದ ಮದುವೆಯ ದಫ್ತರವನ್ನು ನೋಡಿ. ಜ್ಞಾನಸ್ನಾನ ಮತ್ತು ಮರಣದ ದಫ್ತರಗಳಿಗಿಂತ ಮದುವೆಯ ದಫ್ತರವನ್ನೇ ಮೊದಲು ಹೇಳಲು ಕಾರಣವಿದೆ: ವಧೂವರರ ತಂದೆತಾಯಿಯರ ಹೆಸರಿನ ಜೊತೆಗೆ ಅವರು ಯಾವ ಇಗರ್ಜಿಗೆ ಸೇರಿದವರೆಂಬುದನ್ನೂ ಅದರಲ್ಲಿ ಬರೆಯುತ್ತಿದ್ದರು. ಘಟ್ಟದ ಕೆಳಗಿನ ಇಗರ್ಜಿಯ ಹೆಸರು ನಿಮಗೆ ಸಿಗುವುದಿದ್ದರೆ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.

ಹಳೆಯ ದಫ್ತರಗಳು ಸಾಮಾನ್ಯವಾಗಿ ಲ್ಯಾಟಿನ್ ಭಾಷೆಯಲ್ಲಿರುತ್ತವೆ. ಮೈಸೂರು ಸೀಮೆಯಲ್ಲಿ ಅವನ್ನು ಬರೆದವರಲ್ಲಿ ಫ್ರೆಂಚ್ ಪಾದ್ರಿಗಳೇ ಹೆಚ್ಚು. ಮನೆಯಲ್ಲಿ ಪೆದ್ರು ಎಂದು ಕರೆಸಿಕೊಂಡವರು ಅಲ್ಲಿ ‘ಪೆತ್ರುಸ್’ ಆಗಿರುತ್ತಾರೆ, ಬಸ್ತ್ಯಾಂವ್ ಎಂಬವರು ‘ಸೆಬಾಸ್ತಿಯಾನುಸ್’, ಇನಾಸ್ ಎಂಬವರು ‘ಇಗ್ನಾಸಿಯುಸ್’, ಲುವಿಸ್ ಎಂಬವರು ‘ಲುದೋವಿಕುಸ್’. ಮನೆಯ ಹೆಸರನ್ನೇ ಹುಡುಕುತ್ತ ಪುಟ ತಿರುವಿದರೆ ಮುತ್ತಜ್ಜನನ್ನು ಕಣ್ಣೆದುರೇ ದಾಟಿಹೋಗುವ ಸಂಭವವುಂಟು. ಜ್ಞಾನಪಿತ, ಜ್ಞಾನಮಾತೆಯರ ಹೆಸರುಗಳನ್ನೂ ತಪ್ಪದೆ ಬರೆದುಕೊಳ್ಳಿ. ಅವರು ಹೆಚ್ಚಾಗಿ ಸೋದರಮಾವ, ಸೋದರತ್ತೆಯಂಥ ಹತ್ತಿರದ ಬಂಧುಗಳಾಗಿರುವುದರಿಂದ ತಂದೆಯ ಕಡೆ ಕಡಿದ ಎಳೆ ಒಮ್ಮೊಮ್ಮೆ ಅವರ ಮೂಲಕ ಮತ್ತೆ ಸಿಗುತ್ತದೆ.

ಆಡಳಿತದ ಗಡಿಗಳು ಬದಲಾದದ್ದನ್ನೂ ಗಮನದಲ್ಲಿಡಬೇಕು. ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದದ್ದು 1963ರಲ್ಲಿ. ಅದಕ್ಕೆ ಮುಂಚೆ ಇಲ್ಲಿನ ಇಗರ್ಜಿಗಳು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದವು. ಸರ್ಕಾರಿ ಕಾಗದಗಳಲ್ಲಿ 1947ರವರೆಗೆ ಇದು ಕಡೂರು ಜಿಲ್ಲೆ. ಇಂದಿನ ಸಕಲೇಶಪುರದ ಸೀಮೆ ಹಳೆಯ ದಾಖಲೆಗಳಲ್ಲಿ ಮಂಜರಾಬಾದ್ ತಾಲ್ಲೂಕು.

ಕರಾವಳಿಯ ಇಗರ್ಜಿ ಸಿಕ್ಕಿತೆಂದುಕೊಳ್ಳೋಣ. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ಆರಂಭದ ತನಕ ಹೋಗಲು ಸಾಧ್ಯವಿದೆ. ಅದರಾಚೆಗೆ ದಾರಿ ಬಹುತೇಕ ಮುಚ್ಚಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅವರ ಇಗರ್ಜಿಗಳನ್ನು ಕೆಡವಿಸಿದನು, ಅದರೊಂದಿಗೆ ದಫ್ತರಗಳೂ ನಾಶವಾದವು. ಬದುಕುಳಿದವರು 1799ರ ನಂತರ ಮರಳಿದ ಮೇಲೆ ಹೊಸದಾಗಿ ಬರೆದದ್ದೇ ಇಂದು ನಮಗೆ ದೊರೆಯುವುದು. ಅದಕ್ಕೂ ಹಿಂದೆ ಗೋವೆಯ ಯಾವ ಊರು ಎಂಬ ಪ್ರಶ್ನೆಗೆ, ಹಳೆಯ ಕುಲನಾಮವೋ ಊರಿನ ಹೆಸರೋ ಮನೆಯಲ್ಲಿ ಉಳಿದಿದ್ದರೆ ಮಾತ್ರ, ಪಣಜಿಯ ಚಾರಿತ್ರಿಕ ದಾಖಲೆಗಳ ಭಂಡಾರದಲ್ಲಿ ಹುಡುಕುವುದಕ್ಕೆ ಅರ್ಥವಿರುತ್ತದೆ.

ಪ್ರಶ್ನೆ: ನಾವು ತಮಿಳು ಮನೆಮಾತಿನವರು, ಮೂರು ತಲೆಮಾರಿನಿಂದ ತೋಟದ ಲೈನಿನಲ್ಲಿದ್ದೇವೆ. ನಮಗೆ ಕುಲನಾಮವಿಲ್ಲ, ಇನಿಷಿಯಲ್ ಮಾತ್ರ ಇದೆ. ಊರು ಯಾವುದೆಂದು ಹೇಗೆ ತಿಳಿಯುವುದು?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ತಮಿಳರಲ್ಲಿ ಇನಿಷಿಯಲ್ ಸಾಮಾನ್ಯವಾಗಿ ತಂದೆಯ ಹೆಸರಿನ ಮೊದಲಕ್ಷರ, ತಲೆಮಾರು ಬದಲಾದಂತೆ ಅದೂ ಬದಲಾಗುತ್ತದೆ. ಹಾಗಾಗಿ ಅದರಿಂದ ಒಂದು ಮೆಟ್ಟಿಲು ಹಿಂದಕ್ಕೆ ಹೋಗಬಹುದು, ಊರು ತಿಳಿಯುವುದಿಲ್ಲ. ನೀವು ಕೇಳಬೇಕಾದದ್ದು ಕುಲದೇವರನ್ನು. ಮಗುವಿನ ಮೊದಲ ಮುಡಿಯನ್ನು ಯಾವ ದೇವರಿಗೆ ಕೊಡುತ್ತಿದ್ದರು, ಕಿವಿ ಚುಚ್ಚಿಸಲು ಎಲ್ಲಿಗೆ ಹೋಗುತ್ತಿದ್ದರು ಎಂದು ಮನೆಯ ಅಜ್ಜಿಯರನ್ನು ವಿಚಾರಿಸಿ. ಕುಲದೇವರ ಗುಡಿ ಸಾಮಾನ್ಯವಾಗಿ ಪೂರ್ವಿಕರ ಊರಿನಲ್ಲೋ ಅದರ ನೆರೆಯಲ್ಲೋ ಇರುತ್ತದೆ. ಅಲ್ಲಿ ಸೇರುವ ‘ಪಂಗಾಳಿ’ಗಳು, ಎಂದರೆ ದಾಯಾದಿಗಳು, ವಲಸೆ ಹೋದ ಕವಲುಗಳನ್ನು ನೆನಪಿಟ್ಟುಕೊಂಡಿರುವುದುಂಟು. ಎರಡನೆಯದಾಗಿ, ನಿಮ್ಮವರನ್ನು ಕರೆತಂದ ಮೇಸ್ತ್ರಿ ಯಾರೆಂದು ಕೇಳಿ. ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ತಮ್ಮದೇ ಊರಿನ ಸುತ್ತಮುತ್ತಲಿನಿಂದ ಜನರನ್ನು ತರುತ್ತಿದ್ದುದರಿಂದ, ಆ ಮೇಸ್ತ್ರಿಯ ಸಂತತಿಗೆ ಊರು ಗೊತ್ತಿದ್ದರೆ ನಿಮ್ಮದೂ ಗೊತ್ತಾದಂತೆಯೇ. ತೋಟದ ಹಳೆಯ ಚೆಕ್‌ರೋಲುಗಳಲ್ಲಿ, ಎಂದರೆ ಹಾಜರಿ ಪುಸ್ತಕಗಳಲ್ಲಿ, ಆಳುಗಳನ್ನು ಮೇಸ್ತ್ರಿವಾರು ಬರೆದಿರುವುದುಂಟು. ತೋಟದ ಲೆಕ್ಕ ಬರೆಯುವ ರೈಟರ್ ಅವರನ್ನು ವಿನಯದಿಂದ ಕೇಳಿ ನೋಡಿ.

ಪ್ರಶ್ನೆ: ತಾತನ ಕಾಲದಲ್ಲಿ ಹೆಳವರು ಬಂದು ನಮ್ಮ ವಂಶಾವಳಿ ಹೇಳುತ್ತಿದ್ದರಂತೆ. ಅದನ್ನು ನಂಬಬಹುದೆ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಎಲ್ಲವನ್ನೂ ಒಂದೇ ತೂಕದಲ್ಲಿ ನಂಬಬೇಡಿ. ಎತ್ತಿನ ಮೇಲೆ ಬಂದು, ಮನೆಯಲ್ಲಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುತ್ತಿದ್ದ ಹೆಳವರ ಬಳಿ ಕೊನೆಯ ಐದಾರು ತಲೆಮಾರಿನ ವಿವರ ಸಾಮಾನ್ಯವಾಗಿ ಗಟ್ಟಿಯಾದದ್ದೇ, ಏಕೆಂದರೆ ಅವರು ಅದನ್ನು ಮನೆಬಾಗಿಲಲ್ಲೇ ಕೇಳಿ ಸೇರಿಸಿಕೊಂಡವರು. ದಾನ ಕೊಡುವವರ ಕುಲವನ್ನು ಹೊಗಳುವುದೂ ಅವರ ವೃತ್ತಿಯ ಭಾಗವಾದ್ದರಿಂದ, ರಾಜರಿಗೂ ಶರಣರಿಗೂ ವಂಶವನ್ನು ಜೋಡಿಸುವ ಮೇಲಿನ ಭಾಗವನ್ನು ಕಥೆಯಾಗಿ ಕೇಳಿದರೆ ಸಾಕು. ಅವರು ಹೇಳಿದ ಮೂಲದ ಊರಿನ ಹೆಸರನ್ನು ಮಾತ್ರ ಬರೆದಿಟ್ಟುಕೊಂಡು, ಆ ಊರಿನಲ್ಲಿ ನಿಮ್ಮ ಮನೆದೇವರ ಒಕ್ಕಲುಗಳು ಇಂದಿಗೂ ಇದ್ದಾರೆಯೇ ಎಂದು ಹೋಗಿ ವಿಚಾರಿಸಿ.