ಹಳೆಯ ಮಾದರಿ ರೈಲು ಎಂಜಿನ್‌ಗೆ ಅಲ್ಟ್ರಾಸಾನಿಕ್ ಕ್ಲೀನರ್: ಏನನ್ನು ಮುಳುಗಿಸಬಹುದು, ಏನನ್ನು ಮುಳುಗಿಸಬಾರದು

ನಮಸ್ಕಾರ. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಎಚ್‌ಓ ಅಳತೆಯ (ನಿಜ ರೈಲಿನ 87ನೇ ಒಂದರಷ್ಟು ಗಾತ್ರದ) ಮಾದರಿ ರೈಲು ಎಂಜಿನ್ ಈಗ ತಡವರಿಸಿ ಓಡುತ್ತಿದೆ, ಗಿಯರಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿದೆ, ಅದನ್ನು ಇಡಿಯಾಗಿ ಅಲ್ಟ್ರಾಸಾನಿಕ್ ಕ್ಲೀನರಿಗೆ ಇಳಿಸಬಹುದೇ ಎಂದು ಮಂಡ್ಯದಿಂದ ಕೇಳಿದ್ದೀರಿ. ದಯವಿಟ್ಟು ಇಡಿಯಾಗಿ ಇಳಿಸಬೇಡಿ. ಬಿಚ್ಚಿದ ಲೋಹದ ಬಿಡಿಭಾಗಗಳಿಗೆ ಇದು ಬಹಳ ಒಳ್ಳೆಯ ಸಾಧನ; ಆದರೆ ಮೋಟರ್, ಡಿಕೋಡರ್ (ಹಳಿಯಿಂದ ಬರುವ ಡಿಜಿಟಲ್ ಆದೇಶದಂತೆ ಎಂಜಿನ್ ನಡೆಸುವ ಚಿಕ್ಕ ಬೋರ್ಡ್), ದೀಪದ ಸರ್ಕ್ಯೂಟ್ ಬೋರ್ಡ್, ಸ್ಪೀಕರ್ ಇವುಗಳಲ್ಲಿ ಒಂದೂ ಕ್ಲೀನರಿನ ನೀರಿನ ತೊಟ್ಟಿಗೆ ಹೋಗಬಾರದು.

ತೊಟ್ಟಿಯ ತಳಕ್ಕೆ ಅಂಟಿಸಿರುವ, ವಿದ್ಯುತ್ತನ್ನು ಕಂಪನವಾಗಿಸುವ ಟ್ರಾನ್ಸ್‌ಡ್ಯೂಸರ್ ಸಾಮಾನ್ಯವಾಗಿ ಸೆಕೆಂಡಿಗೆ 40,000 ಬಾರಿ ಕಂಪಿಸುತ್ತದೆ. ಆ ಕಂಪನದಿಂದ ನೀರಿನಲ್ಲಿ ಅತಿ ಸಣ್ಣ ಗುಳ್ಳೆಗಳು ಹುಟ್ಟಿ ಒಡನೆಯೇ ಕುಸಿಯುತ್ತವೆ. ಬ್ರಷ್ ತಲುಪದ ಗಿಯರ್ ಹಲ್ಲಿನ ಸಂದಿಯಿಂದ ಕೊಳೆಯನ್ನು ಕೀಳುವುದು ಆ ಕುಸಿತದ ಬಲವೇ. ಅದೇ ಬಲ ಬಣ್ಣವನ್ನು ಸಡಿಲಗೊಳಿಸುತ್ತದೆ, ಡೆಕಲ್ (ಬಾಡಿಯ ಮೇಲೆ ಅಂಟಿಸಿದ ಅಕ್ಷರ, ಚಿತ್ರದ ತೆಳು ಪೊರೆ) ಎಬ್ಬಿಸುತ್ತದೆ, ಗೋಂದು ಹಾಕಿ ಕೂರಿಸಿದ ಚಿಕ್ಕ ಹಿಡಿಕೆಗಳನ್ನು ಬಿಡಿಸುತ್ತದೆ. ಆದ್ದರಿಂದ ಬಣ್ಣ ಹಚ್ಚಿದ ಬಾಡಿಯನ್ನು ಮೆದು ಬ್ರಷ್ಷಿನಿಂದ ಕೈಯಲ್ಲೇ ಶುಚಿಮಾಡಿ.

ನೀರಿನ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕು. ಮೈಸೂರು, ಮಂಡ್ಯದ ಎಷ್ಟೋ ಬಡಾವಣೆಗಳ ಬೋರ್‌ವೆಲ್ ನೀರು ಗಡಸು. ಅದು ಆರಿದಾಗ ಚಕ್ರದ ಅಂಚಿನಲ್ಲಿ ಬಿಳಿ ಪೊರೆ ಉಳಿದು ಹಳಿಯಿಂದ ಕರೆಂಟು ಸರಿಯಾಗಿ ಬರುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತಂದು, ಪಾತ್ರೆ ತೊಳೆಯುವ ದ್ರವವನ್ನು ಕೆಲವೇ ಹನಿ ಬೆರೆಸಿದರೆ ಸಾಕು. ಅಮೋನಿಯಾ ಇರುವ ದ್ರಾವಣ ಹಿತ್ತಾಳೆಗೆ ಹಾನಿಕರ, ಬ್ಲೀಚ್ ಸ್ಟೀಲ್ ತೊಟ್ಟಿಯನ್ನೇ ತಿನ್ನುತ್ತದೆ. ಪೆಟ್ರೋಲ್, ತಿನ್ನರ್, ಐಸೊಪ್ರೊಪೈಲ್ ಆಲ್ಕೋಹಾಲ್ ಇವನ್ನು ತೊಟ್ಟಿಗೆ ಎಂದಿಗೂ ಸುರಿಯಬೇಡಿ. ಅವುಗಳ ಆವಿಗೆ ಬೆಂಕಿ ಹತ್ತಿಕೊಳ್ಳಲು ಯಂತ್ರದೊಳಗಿನ ಒಂದು ಕಿಡಿ ಸಾಕು. ಆಲ್ಕೋಹಾಲ್ ಬೇಕೆನಿಸಿದರೆ ಕಿವಿಗೆ ಹಾಕುವ ಬಡ್ಸ್ ಅದರಲ್ಲಿ ಅದ್ದಿ ಚಕ್ರ ಒರೆಸಿ.

ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆದುಕೊಳ್ಳಿ. ಚಕ್ರಗಳಿಗೆ ಹಾಕಿರುವ ರಬ್ಬರ್ ಬಳೆಗಳನ್ನು ತೆಗೆದಿಡಿ. ಗಟ್ಟಿ ಗ್ರೀಸನ್ನು ಮೊದಲು ಮರದ ಕಡ್ಡಿಯಿಂದ ಕೆರೆದುಬಿಡಿ, ಇಲ್ಲವಾದರೆ ನೀರೆಲ್ಲ ಜಿಡ್ಡಾಗಿ ಕೊಳೆ ಮತ್ತೆ ಭಾಗಗಳಿಗೇ ಅಂಟುತ್ತದೆ. ಯಂತ್ರವನ್ನು ಐದು ನಿಮಿಷ ಖಾಲಿ ನೀರಿನಲ್ಲಿ ಓಡಿಸಿದರೆ ಕರಗಿರುವ ಗಾಳಿ ಹೊರಬಂದು ಶುದ್ಧೀಕರಣ ಚುರುಕಾಗುತ್ತದೆ. ಭಾಗಗಳು ತಳಕ್ಕೆ ತಾಗದಂತೆ ಬುಟ್ಟಿಯಲ್ಲಿಟ್ಟು, ನೀರನ್ನು 40 ಡಿಗ್ರಿ ಸೆಲ್ಸಿಯಸ್ ಮೀರಲು ಬಿಡದೆ, ಮೂರು ಮೂರು ನಿಮಿಷ ಓಡಿಸಿ ನೋಡಿ. ಗುಂಡಿ ಒತ್ತಿದ ಕೂಡಲೇ ವರ್ಮ್ ಗಿಯರಿನ ಸುರುಳಿಯಿಂದ ಕಂದು ಬಣ್ಣದ ಮೋಡ ಏಳುವುದು ಕಾಣುತ್ತದೆ. ತೊಳೆದ ಮೇಲೆ ಪ್ಲಾಸ್ಟಿಕ್ ಗಿಯರನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ: ಎರಡು ಹಲ್ಲುಗಳ ನಡುವಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ನಿಮ್ಮ ಎಂಜಿನ್ ತಡವರಿಸಲು ಅದೇ ಕಾರಣವಿರಬಹುದು, ಆಗ ಗಿಯರ್ ಬದಲಿಸುವುದಲ್ಲದೆ ಬೇರೆ ದಾರಿಯಿಲ್ಲ.

ಹೆಚ್ಚಿನವರು ಮರೆಯುವ ಸಂಗತಿಯೊಂದಿದೆ. ಚಕ್ರದ ಅಚ್ಚು ಕೂತು ತಿರುಗುವ ಕೊಳವೆಯಾಕಾರದ ಕಂಚಿನ ಬುಷ್‌ಗಳು ಸಾಮಾನ್ಯವಾಗಿ ಎಣ್ಣೆ ಹೀರಿಕೊಂಡಿರುವ ರಂಧ್ರಮಯ ಲೋಹ. ಯಂತ್ರ ಕೊಳೆಯೊಂದಿಗೆ ಆ ಎಣ್ಣೆಯನ್ನೂ ಹೊರಗೆಳೆಯುತ್ತದೆ. ಶುದ್ಧ ನೀರಿನಲ್ಲಿ ಜಾಲಾಡಿ, ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಪೂರ್ತಿ ಒಣಗಿಸಿದ ನಂತರ ಬುಷ್‌ಗಳನ್ನು ರಾತ್ರಿಯಿಡೀ ತೆಳು ಎಣ್ಣೆಯಲ್ಲಿ ನೆನೆಹಾಕಿ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದು ಎಂದು ಡಬ್ಬಿಯ ಮೇಲೆ ನಮೂದಿಸಿರುವ ಎಣ್ಣೆಯನ್ನೇ ಬಳಸಿ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಹಾಕಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರ್ ಬೆಳಗಿಗೆ ಅಷ್ಟೇ ಸಾಕು.

ಒಂದೇ ಎಂಜಿನ್ನಿಗಾಗಿ ಯಂತ್ರ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಆಭರಣದಂಗಡಿ, ಕನ್ನಡಕದಂಗಡಿಗಳಲ್ಲಿ ಈ ಯಂತ್ರ ಇರುತ್ತದೆ, ಪರಿಚಯವಿದ್ದರೆ ಕೇಳಿ ನೋಡಿ. ಕೊಳ್ಳುವುದೇ ಆದರೆ ಅಲ್ಯೂಮಿನಿಯಂ ಫಾಯಿಲ್ ಚೂರೊಂದನ್ನು ನೀರಿನಲ್ಲಿ ಇಳಿಬಿಟ್ಟು ಓಡಿಸಿ. ನಿಜವಾದ ಅಲ್ಟ್ರಾಸಾನಿಕ್ ಆಗಿದ್ದರೆ ಕೆಲವು ನಿಮಿಷಗಳೊಳಗೆ ಫಾಯಿಲ್ ಮೇಲೆ ಚುಕ್ಕಿ ಚುಕ್ಕಿ ಗುಳಿ, ತೂತುಗಳು ಮೂಡುತ್ತವೆ. ಚಿಕ್ಕ ಮೋಟರಿನಿಂದ ನಡುಗಿಸುವ ಅಗ್ಗದ ಡಬ್ಬಿಯಲ್ಲಿ ಫಾಯಿಲ್ ಹಾಗೇ ಉಳಿಯುತ್ತದೆ.

ಜೋಡಿಸಿದ ಮೇಲೆ ಬಾಡಿ ಹಾಕದೆಯೇ ಕಡಿಮೆ ವೋಲ್ಟೇಜಿನಲ್ಲಿ ಎರಡೂ ದಿಕ್ಕಿಗೆ ಅರ್ಧ ಗಂಟೆ ಓಡಿಸಿ, ಹೊರಚಿಮ್ಮಿದ ಎಣ್ಣೆಯನ್ನು ಚಕ್ರದಿಂದಲೂ ಹಳಿಯಿಂದಲೂ ಒರೆಸಿ. ಬಿಚ್ಚುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಒತ್ತಾಯಿಸದೆ ಚಾಸಿಯ ಕೆಳಭಾಗದ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.