ಬರವಣಿಗೆ ಕಾರ್ಯಾಗಾರದಲ್ಲಿ ನಾಲ್ಕನೇ ತರಗತಿಯ ಮಕ್ಕಳು ಬರೆಯದೆ ಕುಳಿತಿದ್ದರೆ

ನಾಲ್ಕನೇ ತರಗತಿಗೆ ಬರವಣಿಗೆ ಕಾರ್ಯಾಗಾರವನ್ನು, ಅಂದರೆ ಮಕ್ಕಳು ಸ್ವಂತವಾಗಿ ಬರೆಯುವ ಅವಧಿಯನ್ನು, ಆರಂಭಿಸಿದರೂ ಮಕ್ಕಳು ಬರೆಯುತ್ತಿಲ್ಲ, ಏನು ಮಾಡಲಿ ಎಂದು ನೀವು ಕೇಳಿದ್ದೀರಿ. ಮೂರು ವಾರ ಕಳೆದರೂ ಅರ್ಧದಷ್ಟು ಮಕ್ಕಳು ‘ಏನು ಬರೆಯಲಿ ಟೀಚರ್?’ ಎಂದು ಸುಮ್ಮನೆ ಕುಳಿತಿರುವುದಕ್ಕೆ ಬಹುಮಟ್ಟಿಗೆ ಕಾರಣ, ನೀವೇ ತಿಳಿಸಿರುವಂತೆ, 40 ನಿಮಿಷದ ಅವಧಿಯಲ್ಲಿ 25 ನಿಮಿಷ ವಿವರಣೆಗೆ ಹೋಗುತ್ತಿರುವುದು ಮತ್ತು ವಿಷಯವನ್ನೂ ನೀವೇ ಕೊಡುತ್ತಿರುವುದು.

ಮೊದಲು ವಿವರಣೆಯನ್ನು 10 ನಿಮಿಷಕ್ಕೆ ಇಳಿಸಿ, ದಿನಕ್ಕೆ ಒಂದೇ ಅಂಶವನ್ನು ಆರಿಸಿಕೊಂಡು, ನಿಮ್ಮದೇ ಅನುಭವದ ನಾಲ್ಕು ಸಾಲನ್ನು ಕರಿಹಲಗೆಯ ಮೇಲೆ ಬರೆದು, ಒಂದು ಪದವನ್ನು ಹೊಡೆದು ಹಾಕಿ ಇನ್ನೊಂದನ್ನು ಸೇರಿಸುವುದೂ ಮಕ್ಕಳಿಗೆ ಕಾಣುವಂತೆ ಮಾಡಿ. ಅನಂತರ ಪ್ರತಿ ಮಗುವೂ ತನಗೆ ಚೆನ್ನಾಗಿ ಗೊತ್ತಿರುವ ಐದು ಸಂಗತಿಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಟ್ಟಿ ಮಾಡಿಕೊಳ್ಳಲಿ. ವಿಷಯ ಅಲ್ಲಿಂದಲೇ ಬರಬೇಕು. ಅವರು ಬರೆಯುವ 20 ನಿಮಿಷದಲ್ಲಿ ನಾಲ್ಕೈದು ಮಕ್ಕಳ ಪಕ್ಕದಲ್ಲಿ ಮಾತ್ರ ಕುಳಿತು ಮಾತನಾಡಿ, ದಯವಿಟ್ಟು ಕೆಂಪು ಪೆನ್ನನ್ನು ಕೈಗೆತ್ತಿಕೊಳ್ಳಬೇಡಿ. ‘ನಮ್ಮ ಎಮ್ಮೆ ಕರು ಹಾಕಿತು’ ಎಂದಷ್ಟೇ ಬರೆದು ನಿಲ್ಲಿಸಿದ ಮಗುವಿಗೆ ‘ಕರು ಎದ್ದು ನಿಲ್ಲುವಾಗ ನೀನು ಏನೇನು ನೋಡಿದೆ?’ ಎಂದು ಕೇಳಿದರೆ ಮೂರು ಸಾಲು ಬಾಯಿಂದಲೇ ಬರುತ್ತವೆ. ಅವನ್ನೇ ಬರೆಯಲು ಹೇಳಿ. ಒತ್ತಕ್ಷರದ ತಪ್ಪುಗಳನ್ನು ಗುರುತು ಹಾಕಿಕೊಂಡು ಮರುದಿನದ ಪಾಠಕ್ಕೆ ಎತ್ತಿಕೊಳ್ಳಿ. ಕೊನೆಯಲ್ಲಿ ಇಬ್ಬರು ತಾವು ಬರೆದದ್ದನ್ನು ಗಟ್ಟಿಯಾಗಿ ಓದಲಿ.

ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ (ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ) ಗುಂಪಾಗಿ ಕಲಿತ ಮಕ್ಕಳು ಈ ಕ್ರಮಕ್ಕೆ ಬೇಗ ಒಗ್ಗುತ್ತಾರೆ ಎಂಬುದು ನನ್ನ ಅನುಭವ. ಆದರೆ ಇನ್ನೂ ಅಕ್ಷರ ಕೂಡಿಸಿ ಓದಲಾರದವರಿಗೆ ಇದೊಂದೇ ಸಾಲುತ್ತದೆಂದು ಖಚಿತವಾಗಿ ಹೇಳಲಾರೆ. ಅವರಿಂದ ಚಿತ್ರ ಬರೆಸಿ, ಅದರ ಬಗ್ಗೆ ಅವರು ಹೇಳಿದ ಮಾತನ್ನು ನೀವೇ ಕೆಳಗೆ ಬರೆದು, ಅದನ್ನೇ ಮರುದಿನ ಓದಿಸಿ.